ಕರಾಚಿಗೆ ಹೋದದ್ದು ಮೂರು ಕ್ಷಿಪಣಿ ದೋಣಿಗಳಷ್ಟೇ ಅಲ್ಲ: ಬೆಂಗಾವಲು ಹಡಗು ‘ಕಿಲ್ತಾನ್’ ಕಥೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿರುವ ಸ್ತಂಭಶಾಸನ ಕದಂಬರ ಕಥೆ ಹೇಳುತ್ತದೆ. ಆ ರಾಜವಂಶದ ಹೆಸರು ಇಂದು ಕಾರವಾರದ ನೌಕಾನೆಲೆಗಿದೆ: ಐಎನ್‌ಎಸ್ ಕದಂಬ. ನಮ್ಮ ಕಡೆಯ ನಂಟಿರುವ ಇನ್ನೊಂದು ಹೆಸರೂ ನೌಕಾಪಡೆಯಲ್ಲಿದೆ, ಅದು ಕಿಲ್ತಾನ್. ಲಕ್ಷದ್ವೀಪದ ಈ ದ್ವೀಪ 1956ರವರೆಗೆ, ಆಗ ಮದ್ರಾಸ್ ರಾಜ್ಯದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಹೆಸರಿನ ಹಡಗು 1971ರ ಯುದ್ಧದಲ್ಲಿ ಮಾಡಿದ್ದೇನು? ನೋಡೋಣ.

ಮೂರೇ ದೋಣಿಗಳು ಹೋಗಿದ್ದವೇ?

ಪ್ರತಿ ವರ್ಷ ಡಿಸೆಂಬರ್ 4ರಂದು ನೌಕಾಪಡೆ ದಿನ ಆಚರಿಸುತ್ತೇವೆ. 1971ರ ಆ ರಾತ್ರಿ ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಬಳಿ ದಾಳಿ ನಡೆಸಿದವು. ಈ ಮೂರೇ ಹೋಗಿದ್ದವು ಎಂದುಕೊಂಡವರು ಬಹಳ ಮಂದಿ. ನಿಜವೆಂದರೆ, ಕಿಲ್ತಾನ್ ಮತ್ತು ಕಚಾಲ್ ಎಂಬ ಎರಡು ಬೆಂಗಾವಲು ಹಡಗುಗಳೂ ಜೊತೆಗಿದ್ದವು. ಕಿಲ್ತಾನ್ ನಾಯಕ ಕಮಾಂಡರ್ ಗೋಪಾಲ್ ರಾವ್ ಅವರಿಗೆ ಮಹಾವೀರ ಚಕ್ರ ಸಂದಿತು.

ಬೆಂಗಾವಲು ಏಕೆ ಬೇಕಿತ್ತು?

ಕ್ಷಿಪಣಿ ದೋಣಿಗಳು ಚಿಕ್ಕವು, ವೇಗದವು. ಆದರೆ ನೀರಿನಡಿ ಅಡಗಿದ ಜಲಾಂತರ್ಗಾಮಿಯನ್ನು ಪತ್ತೆಹಚ್ಚುವ ಸೋನಾರ್ ಅವುಗಳಲ್ಲಿ ಇರಲಿಲ್ಲ. ಸೋನಾರ್ ನೀರಿನೊಳಗೆ ಶಬ್ದ ಕಳುಹಿಸಿ, ಯಾವುದಕ್ಕಾದರೂ ಬಡಿದು ಮರಳುವ ಪ್ರತಿಧ್ವನಿಯಿಂದ ದಿಕ್ಕು, ದೂರ ತಿಳಿಸುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ, 1969ರಲ್ಲಿ ನಮ್ಮ ಪಡೆ ಸೇರಿದ ಕಿಲ್ತಾನ್‌ನಲ್ಲಿ ಸೋನಾರ್ ಜೊತೆಗೆ ಟಾರ್ಪಿಡೊ ಹಾಗೂ ಜಲಾಂತರ್ಗಾಮಿ ನಿರೋಧಕ ರಾಕೆಟ್‌ಗಳಿದ್ದವು.

ಅಪಾಯ ಅಷ್ಟು ನಿಜವೇ?

ಹೌದು. ಐದೇ ದಿನಗಳ ನಂತರ, ಡಿಸೆಂಬರ್ 9ರಂದು, ದಿಯು ಬಳಿ ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಜೀವ ಕಳೆದುಕೊಂಡರು. ಖುಕ್ರಿ ಕೂಡ ಜಲಾಂತರ್ಗಾಮಿಗಳ ಬೇಟೆಗೆಂದೇ ಕಟ್ಟಿದ ಹಡಗು. ಬೆಂಗಾವಲು ಎಂದರೆ ಸುಮ್ಮನೆ ಹಿಂದೆ ಹೋಗುವ ಕೆಲಸವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕರಾಚಿ ದಾಳಿಯಲ್ಲಿ ಮಾತ್ರ ನಮ್ಮ ಒಂದು ಹಡಗೂ ಮುಳುಗಲಿಲ್ಲ. ಬೆಂಗಾವಲು ಹಡಗಿನ ಕೆಲಸವೇ ಹಾಗೆ. ಏನೂ ಆಗದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ?

18 ವರ್ಷ ದುಡಿದ ಕಿಲ್ತಾನ್ 1987ರ ಜೂನ್‌ನಲ್ಲಿ ನಿವೃತ್ತವಾಯಿತು. ಕೋಲ್ಕತ್ತದಲ್ಲಿ ಕಟ್ಟಿದ ಹೊಸ ಕಿಲ್ತಾನ್ 2017ರಲ್ಲಿ ಪಡೆ ಸೇರಿತು. ಇದರ ಮುಖ್ಯ ಕೆಲಸವೂ ಜಲಾಂತರ್ಗಾಮಿಗಳನ್ನು ಹುಡುಕುವುದೇ. ಮುಂದಿನ ನೌಕಾಪಡೆ ದಿನದಂದು ಮಕ್ಕಳಿಗೆ ಕರಾಚಿ ದಾಳಿಯ ಕಥೆ ಹೇಳುವಾಗ ಕಿಲ್ತಾನ್, ಕಚಾಲ್ ಹೆಸರುಗಳನ್ನೂ ಸೇರಿಸಿ ಹೇಳೋಣ.