ಸುಡಾನಿನ ಸೀಲು, ಚನ್ನಗಿರಿಯ ಪಾಸ್‌ಪೋರ್ಟು

ದೇಶದೇಶದ ಸೀಲು ಬಿದ್ದ ಪಾಸ್‌ಪೋರ್ಟು ನೋಡಬೇಕೆಂದರೆ ಹೊನ್ನಾಳಿಯವರು ಬೆಂಗಳೂರಿನ ಐಟಿ ಕಂಪನಿಗಳ ತನಕ ಹೋಗಬೇಕಾಗಿಲ್ಲ. ಪಕ್ಕದ ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳ್ ಮುಟ್ಟಿದರೆ ಸಾಕು. ಅಲ್ಲಿನ ಹಕ್ಕಿಪಿಕ್ಕಿಗಳು ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ, ನೋವಿನ ತೈಲ ಮಾರಲು ಆಫ್ರಿಕಾಕ್ಕೆ ಹೋಗಿಬರುತ್ತಾರೆ. ಹೊಲವಿದ್ದವನಿಗೆ ಪಹಣಿ ಎಷ್ಟು ಮುಖ್ಯವೋ ಇವರಿಗೆ ಪಾಸ್‌ಪೋರ್ಟು ಅಷ್ಟೇ ಮುಖ್ಯ. ಅದರ ಮೇಲೆ ಯಾವ ದೇಶದ ಸೀಲು ಬಿದ್ದಿದೆ ಎಂಬುದು ಸಂಸಾರದ ಪ್ರಶ್ನೆ.

ಹೆಸರೇ ಹೇಳುವಂತೆ ಇವರು ಹಕ್ಕಿ ಹಿಡಿಯುತ್ತಿದ್ದವರು. ಗುಜರಾತ್, ರಾಜಸ್ಥಾನದ ಕಡೆಯಿಂದ ಅಲೆಯುತ್ತ ದಕ್ಷಿಣಕ್ಕೆ ಬಂದ ಈ ಬುಡಕಟ್ಟಿನವರು ಮನೆಯೊಳಗೆ ಇಂದಿಗೂ ಆಡುವುದು ಗುಜರಾತಿಗೆ ಹತ್ತಿರವಾದ ವಾಗ್ರಿ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಇವರು ಇದ್ದದ್ದು 11,892 ಮಂದಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಕುಲಕಸುಬು ಹೋಯಿತು, ಬದಲಿಗೆ ಬದುಕಿಗೆ ಸಾಕಾಗುವಷ್ಟು ಜಮೀನೇನೂ ಸಿಗಲಿಲ್ಲ. ಕಾಡಿನ ಬೇರು, ಸೊಪ್ಪು, ತೊಗಟೆಯ ತಿಳಿವಳಿಕೆ ಕೈಯಲ್ಲಿತ್ತು. ಅದನ್ನೇ ಹಿಡಿದು ಮೊದಲು ಜಾತ್ರೆ, ಸಂತೆ, ನಗರಗಳ ಫುಟ್‌ಪಾತು, ಆಮೇಲೆ ವಿಮಾನ. ಕಾಡು ಮುಚ್ಚಿದ್ದರಿಂದ ಸಮುದ್ರ ದಾಟಿದ ಜನ ಇವರು. ಯಾರೋ ಕರೆದೊಯ್ದು ಕೆಲಸಕ್ಕೆ ಹಚ್ಚಿದವರಲ್ಲ, ತಾವೇ ಗಿರಾಕಿಯನ್ನು ಹುಡುಕಿಕೊಂಡು ಹೋದವರು. ಈ ಧೈರ್ಯಕ್ಕೆ ನಮ್ಮ ಜಿಲ್ಲೆಯಲ್ಲಿ ಸಲ್ಲಬೇಕಾದ ಮರ್ಯಾದೆ ಇನ್ನೂ ಸಂದಿಲ್ಲ ಎಂದೇ ನನ್ನ ಭಾವನೆ.

ತೊಡಕು ಮಾತ್ರ ವಿಮಾನ ಹತ್ತುವ ಮೊದಲೇ ಶುರು. 1983ರ ವಲಸೆ ಕಾಯ್ದೆಯಡಿ ಹತ್ತನೇ ತರಗತಿ ದಾಟದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ‘ಇಸಿಆರ್’ ಎಂಬ ಗುರುತು ಬೀಳುತ್ತದೆ. ಅಂಥವರು ಪಟ್ಟಿಯಲ್ಲಿರುವ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಕೊಲ್ಲಿ ದೇಶಗಳಲ್ಲಿ ನಮ್ಮ ಕೂಲಿಕಾರರು ಮೋಸಹೋಗದಿರಲಿ ಎಂದು ಮಾಡಿದ ಕಟ್ಟುಪಾಡು ಅದು, ಉದ್ದೇಶ ಒಳ್ಳೆಯದೇ. ಆದರೆ ಆ ಪಟ್ಟಿಯಲ್ಲಿ ಸುಡಾನ್ ಕೂಡ ಇದೆ. ಕೂಲಿಗಲ್ಲ, ಸ್ವಂತ ವ್ಯಾಪಾರಕ್ಕೆ ಹೊರಟವನಿಗೂ ಕೌಂಟರಿನಲ್ಲಿ ‘ಯಾಕೆ ಹೋಗ್ತೀಯಾ, ಎಷ್ಟು ದಿನ, ಅಲ್ಲಿ ಯಾರಿದ್ದಾರೆ’ ಎಂಬ ಪ್ರಶ್ನೆಗಳು ಸಾಲಾಗಿ ಬರುವುದು ಅದರಿಂದಲೇ.

2023ರ ಏಪ್ರಿಲ್ 15ರಂದು ಸುಡಾನಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಹೊತ್ತಿಕೊಂಡಿತು. ಉತ್ತರ ಡಾರ್ಫರ್‌ನ ಎಲ್ ಫಾಶರ್ ಊರಿನಲ್ಲಿ ನಮ್ಮ ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದಿದ್ದರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ 31 ಮಂದಿಯ ವಿಷಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿಯೇ ಉತ್ತರಿಸಿದರು. ವಿಧಾನಸಭಾ ಚುನಾವಣೆಯ ಹೊತ್ತಾದ್ದರಿಂದ ಜಗಳಕ್ಕೆ ಹೆಚ್ಚು ಜಾಗ ಸಿಕ್ಕಿತು. ಕೆಲವೇ ದಿನಗಳಲ್ಲಿ ಅಲ್ಲಿದ್ದ ಭಾರತೀಯರನ್ನು ಕರೆತರುವ ‘ಆಪರೇಷನ್ ಕಾವೇರಿ’ ಶುರುವಾಯಿತು. ಎಲ್ ಫಾಶರ್‌ನಿಂದ ಕೆಂಪು ಸಮುದ್ರದ ದಡದ ಪೋರ್ಟ್ ಸುಡಾನ್‌ಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ, ಬಂದರಿನಿಂದ ಹಡಗಿನಲ್ಲಿ, ಇಲ್ಲವೇ ವಾಯುಪಡೆಯ ವಿಮಾನದಲ್ಲಿ ಜೆಡ್ಡಾ, ಜೆಡ್ಡಾದಿಂದ ಊರಿಗೆ. ಏಪ್ರಿಲ್ 28ರಂದು 362 ಮಂದಿ ಬೆಂಗಳೂರಿಗೆ ಬಂದಿಳಿದರು. ಅವರಲ್ಲಿ ಹಕ್ಕಿಪಿಕ್ಕಿಗಳೂ ಬಹಳ ಮಂದಿ ಇದ್ದರು.

ಗುಂಡಿನ ಸದ್ದು ಹಿಂದೆ ಬಿಟ್ಟು ಬಂದವರನ್ನು ಸ್ವಂತ ನೆಲದ ವಿಮಾನ ನಿಲ್ದಾಣದಲ್ಲಿ ತಡೆದು ನಿಲ್ಲಿಸಿದ್ದು ಇನ್ನೊಂದು ಕಾಗದ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಕಾರ್ಡ್ ಇಲ್ಲದವರನ್ನು ಕ್ವಾರಂಟೈನಿಗೆ ಕಳಿಸಲಾಯಿತು. ಆ ವಾರಾಂತ್ಯಕ್ಕೆ ದೇಶದಲ್ಲಿ ಹೀಗೆ 117 ಮಂದಿ ಪ್ರತ್ಯೇಕವಾಸದಲ್ಲಿದ್ದರು. ಜೀವ ಉಳಿಸಿಕೊಂಡು ಓಡುವವರು ಕಾರ್ಡ್ ಹುಡುಕುತ್ತ ನಿಲ್ಲುವುದುಂಟೇ? ಕಾಯ್ದೆ ಕಟ್ಟುನಿಟ್ಟಾದಷ್ಟೂ ಇಂಥ ಹೊತ್ತಿನಲ್ಲಿ ಅದನ್ನು ಹೇಳುವ ಬಾಯಿ ಮೆತ್ತಗಿರಬೇಕು.

ಕಾಯ್ದೆಯನ್ನು ಮಾತ್ರ ನಾನು ದೂರಲಾರೆ. ಹಳದಿ ಜ್ವರ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ರೋಗ, ಭಾರತದಲ್ಲಿ ಇಲ್ಲ. ಅದನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಮಾತ್ರ ನಮ್ಮಲ್ಲಿ ಬೇಕಾದಷ್ಟಿದೆ. ಡೆಂಗಿ, ಚಿಕುನ್‌ಗುನ್ಯ ಹಂಚುವುದೂ ಅದೇ. ಸೋಂಕು ಹೊತ್ತ ಒಬ್ಬನೇ ಬಂದಿಳಿದರೂ ಸೊಳ್ಳೆಗೆ ಸಾಕು. ವಿಮಾನ ಸಂಚಾರ ಬೆಳೆದ 1930ರ ದಶಕದಿಂದಲೇ ಈ ಭಯ ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಇಳಿಯಿತು. ಪ್ರಿಟೋರಿಯಾದಲ್ಲಿ ಹುಟ್ಟಿದ ಮ್ಯಾಕ್ಸ್ ಥೈಲರ್ 1937ರಲ್ಲಿ 17ಡಿ ಲಸಿಕೆ ರೂಪಿಸಿ 1951ರಲ್ಲಿ ನೊಬೆಲ್ ಪಡೆದರು. ಇಂದಿಗೂ ಚುಚ್ಚುವುದು ಅದರ ಸಂತತಿಯನ್ನೇ. ಹಳದಿ ಕಾರ್ಡಿನ ಒಂದು ಸಾಲಿನಲ್ಲಿ ರೋಗದ ಹೆಸರು, ಚುಚ್ಚಿದ ತಾರೀಕು, ವೈದ್ಯರ ಸಹಿ, ಲಸಿಕೆಯ ಬ್ಯಾಚ್ ನಂಬರು, ಕೊನೆಗೆ ಕೇಂದ್ರದ ದುಂಡು ಸೀಲು. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಅದು ಊರ್ಜಿತ. ಮೊದಲು ಹತ್ತು ವರ್ಷಕ್ಕಷ್ಟೇ ನಡೆಯುತ್ತಿದ್ದದ್ದು 2016ರ ಜುಲೈಯಿಂದ ಜೀವನಪೂರ್ತಿ. ಕಾರ್ಡ್ ಇಲ್ಲದಿದ್ದರೆ ಆರು ದಿನದ ತನಕ ಪ್ರತ್ಯೇಕವಾಸ. ದುಬೈ ಮೇಲೆ ಸುತ್ತಿ ಬಂದರೂ ಪಾಸ್‌ಪೋರ್ಟಿನ ನಿರ್ಗಮನದ ಸೀಲು ಯಾವ ದಿನ ಯಾವ ದೇಶ ಬಿಟ್ಟಿರಿ ಎಂದು ಹೇಳಿಬಿಡುತ್ತದೆ.

ಸೀಲು ನೋಡಿ ಬಾಗಿಲು ಹಾಕುವ ಪದ್ಧತಿಗೆ ರೋಗಕ್ಕಿಂತ ಹೆಚ್ಚು ಹೆಸರು ತಂದದ್ದು ರಾಜಕೀಯ. 1967ರಲ್ಲಿ ಅರಬ್ ನಾಯಕರು ಇಸ್ರೇಲ್ ಜೊತೆ ಶಾಂತಿ ಬೇಡ, ಮಾತುಕತೆ ಬೇಡ, ಮಾನ್ಯತೆ ಬೇಡ ಎಂದು ತೀರ್ಮಾನಿಸಿದ್ದು ಸುಡಾನಿನ ರಾಜಧಾನಿ ಖಾರ್ಟೂಮ್‌ನಲ್ಲೇ. ಇಸ್ರೇಲಿನ ಸೀಲಿದ್ದರೆ ಹಲವು ಅರಬ್ ದೇಶಗಳು ಒಳಗೆ ಬಿಡುತ್ತಿರಲಿಲ್ಲ. 2013ರಿಂದ ಇಸ್ರೇಲ್ ಸೀಲಿನ ಬದಲು ಬಿಡಿ ಚೀಟಿ ಕೊಡುತ್ತಿದೆ. ವರ್ಣಭೇದ ನೀತಿಯ ಕಾಲದಲ್ಲಿ ಭಾರತದ ಪಾಸ್‌ಪೋರ್ಟೂ ದಕ್ಷಿಣ ಆಫ್ರಿಕಾಕ್ಕೆ ನಡೆಯುತ್ತಿರಲಿಲ್ಲ. 2011ರ ಮಾರ್ಚ್ ನಂತರ ಸುಡಾನಿಗೆ ಹೋಗಿಬಂದ ಯುರೋಪಿನವರು ವೀಸಾ ಇಲ್ಲದೆ ಅಮೆರಿಕ ಹೊಗುವ ಅನುಕೂಲ ಕಳೆದುಕೊಂಡದ್ದು 2015ರ ಕಾನೂನಿನಿಂದ. ಅಂಥ ಅನುಕೂಲ ನಮ್ಮವರಿಗೆ ಮೊದಲೂ ಇರಲಿಲ್ಲ.

2025ರ ಅಕ್ಟೋಬರಿನಲ್ಲಿ ಎಲ್ ಫಾಶರ್ ಆರ್‌ಎಸ್‌ಎಫ್ ಕೈವಶವಾಯಿತು. ಆ ಪೇಟೆ ಸದ್ಯಕ್ಕೆ ಮುಗಿಯಿತು. ಆದರೆ ಆಫ್ರಿಕಾದ ಹತ್ತಾರು ದೇಶಗಳು ಹಳದಿ ಜ್ವರದ ಪಟ್ಟಿಯಲ್ಲಿವೆ, ಎಣ್ಣೆ ಬಾಟಲಿ ಹೊತ್ತವರು ಅವುಗಳಲ್ಲಿ ಎತ್ತ ಹೊರಟರೂ ಕಾರ್ಡ್ ಬೇಕೇ ಬೇಕು. ಈ ಲಸಿಕೆ ಎಲ್ಲ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಕೇಂದ್ರ ಸರ್ಕಾರ ಗೊತ್ತುಮಾಡಿದ ಕೆಲವೇ ಕಡೆ ಕೊಡುತ್ತಾರೆ. ವರ್ಷಕ್ಕೊಮ್ಮೆ ಚನ್ನಗಿರಿಯಲ್ಲೇ ಅಧಿಕೃತ ಶಿಬಿರ ನಡೆಸಿ, ಯಾರು ಯಾವ ದೇಶದಲ್ಲಿದ್ದಾರೆಂದು ತಾಲ್ಲೂಕು ಕಚೇರಿಯಲ್ಲಿ ಬರೆದಿಟ್ಟು, ಕಾರ್ಡಿನ ಒಂದು ಪ್ರತಿಯನ್ನೂ ಅಲ್ಲೇ ಇಟ್ಟುಕೊಂಡರೆ ಮುಂದಿನ ಯುದ್ಧದ ಹೊತ್ತಿಗೆ ಹುಡುಕಾಟ ಟ್ವೀಟಿನಿಂದ ಶುರುವಾಗಬೇಕಾಗಿಲ್ಲ.