ಪುಸ್ತಕದ ಹೆಸರು, ನಮ್ಮ ಮೈ



ಅಕ್ಕಲಕೋಟೆ, ಜತ್ತ ಕಡೆಯ ಎಷ್ಟೋ ಮನೆಗಳಿಂದ ಮಕ್ಕಳು ನರ್ಸಿಂಗ್ ಕಲಿಯಲು ಹೋಗುತ್ತಾರೆ. ನಿಮ್ಮ ಮಗಳೂ ರಜೆಗೆ ಬಂದು, ಮೂಲೆಯಲ್ಲಿ ಕೂತು ಎಲುಬಿನ ಹೆಸರು ಬಾಯಿಪಾಠ ಮಾಡುತ್ತಿದ್ದರೆ, ಅವಳನ್ನೂ ರೇಡಿಯೋ ಹತ್ತಿರ ಕರೆಯಿರಿ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಈಗ ಪುಸ್ತಕದಲ್ಲಿ ಇಂಗ್ಲಿಷು. ಬೆಳೆದ ಮನುಷ್ಯನಿಗೆ ಸಾಮಾನ್ಯವಾಗಿ 206 ಎಲುಬು. ಮಣಿಕಟ್ಟಿನಿಂದ ಬೆರಳ ತುದಿಯವರೆಗೇ ಒಂದು ಕೈಗೆ 27. ಬರೀ ಬಾಯಿಪಾಠಕ್ಕೆ ಇವು ನಿಲ್ಲುವುದಿಲ್ಲ.

ತಂಗಿ, ಪುಸ್ತಕ ಮುಚ್ಚಿ ನಿನ್ನ ಕೈಯನ್ನೇ ನೋಡು. ಮೊಣಕೈಯಿಂದ ಮಣಿಕಟ್ಟಿಗೆ ಎರಡು ಎಲುಬು. ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ನಾಡಿ ನೋಡುವುದು ಹೆಬ್ಬೆರಳ ಕಡೆ ತಾನೇ? ಅಲ್ಲಿ ಬಡಿಯುವ ರಕ್ತನಾಳವೇ ರೇಡಿಯಲ್. ಮೊಣಕೈ ಬಾಗಿಲಿಗೆ ತಾಗಿ ಕಿರುಬೆರಳತನಕ ಜುಮ್ಮೆಂದರೆ ಅದು ಅಲ್ನಾರ್ ನರದ ಕೆಲಸ. ಬೆನ್ನುಮೂಳೆಗೆ ವಿದ್ಯಾರ್ಥಿಗಳು ಊಟದ ಲೆಕ್ಕ ಇಟ್ಟಿದ್ದಾರೆ: 7ಕ್ಕೆ ನಾಷ್ಟಾ, 12ಕ್ಕೆ ಊಟ, ಸಂಜೆ 5ಕ್ಕೆ ಮತ್ತೆ ಊಟ. ಕುತ್ತಿಗೆಗೆ 7, ಎದೆಯ ಹಿಂದೆ 12, ಸೊಂಟಕ್ಕೆ 5. ನಮ್ಮಲ್ಲಿ ಐದಕ್ಕೆ ಯಾರು ಉಣ್ಣುತ್ತಾರೆ? ಚಹಾ ಎಂದುಕೊಂಡರಾಯಿತು.

ಹೆಸರನ್ನು ಅಂಗದ ಮೇಲೆಯೇ ಕಾಣುವ ಈ ಉಪಾಯ ಹಳೆಯದು. ಲಂಡನ್ನಿನ ಹೆನ್ರಿ ಗ್ರೇ ಬರೆದ ಹೆಸರಾಂತ ಪುಸ್ತಕ 1858ರಲ್ಲಿ ಹೊರಬಂತು. ಅದರ ಚಿತ್ರಗಾರ ಹೆನ್ರಿ ವ್ಯಾಂಡೈಕ್ ಕಾರ್ಟರ್ ಎಷ್ಟೋ ಚಿತ್ರಗಳಲ್ಲಿ ಹೆಸರನ್ನು ಎಲುಬಿನ ಮೇಲೆ, ನರದ ಗುಂಟ ಕೂಡಿಸಿದರು. ಮುಂದೆ ಅವರು ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕಲಿಸಿದರು. 1860ರ ದಶಕದಲ್ಲಿ ನಮ್ಮ ನೆರೆಯ ಸಾತಾರೆಯಲ್ಲಿ ಸಿವಿಲ್ ಸರ್ಜನ್ ಆಗಿದ್ದರು.

ಆದರೆ ಹೆಸರು ಬಂದ ಮೇಲೂ ಎಡವುವ ಜಾಗ ಒಂದಿದೆ. ನಮಗೆ ಕಾಲು ಎಂದರೆ ತೊಡೆಯಿಂದ ಪಾದದವರೆಗೆ ಎಲ್ಲವೂ ಕಾಲೇ. ಅಂಗರಚನಾ ಶಾಸ್ತ್ರದ 'ಲೆಗ್' ಮೊಣಕಾಲಿನಿಂದ ಹರಡಿನವರೆಗೆ ಮಾತ್ರ. 'ಆರ್ಮ್' ಹೆಗಲಿನಿಂದ ಮೊಣಕೈವರೆಗೆ ಮಾತ್ರ. ಜಾರಿ ಬಿದ್ದ ಆಯಿ "ಕಾಲು ನೋಯ್ಲಕತ್ತದ ಅವ್ವಾ" ಅನ್ನುತ್ತಾಳೆ. ನೀನು 'ಲೆಗ್' ಎಂದು ಬರೆದುಬಿಟ್ಟರೆ, ಸೊಂಟದ ಸಂದಿನಲ್ಲಿ ಮುರಿದ ಎಲುಬು ಆ ಕಾಗದದಲ್ಲಿ ಇಲ್ಲವೇ ಇಲ್ಲ. "ಎಲ್ಲಿ ಆಯಿ, ಬೆರಳಿಟ್ಟು ತೋರಸ್ರಿ" ಎಂದು ಕೇಳಬೇಕು. ತೊಡೆ, ಮೀನಖಂಡ, ಕಣಕಾಲು, ಹರಡು ಎಂದು ಬಿಡಿಬಿಡಿ ಹೆಸರು ನಮ್ಮ ಮಾತಿನಲ್ಲೂ ಇವೆ.

ಅದಕ್ಕೇ ವಹಿಯ ಪುಟಕ್ಕೆ ಮೂರು ಸಾಲು ಎಳೆದುಕೋ. ರಿಸ್ಟ್, ಮಣಿಕಟ್ಟು, ಮನಗಟ. ಕಾಫ್, ಮೀನಖಂಡ, ಪೋಟರಿ. ವಾರ್ಡಿನಲ್ಲಿ ಒಂದು ಮಂಚದವರು ಕನ್ನಡದಲ್ಲಿ ನರಳಿದರೆ ಪಕ್ಕದವರು ಮರಾಠಿಯಲ್ಲಿ ನರಳುತ್ತಾರೆ.

ಮನೆಯ ಹಿರಿಯರಿಗೊಂದು ಮಾತು. ಹುಡುಗಿ ನಿಮ್ಮ ತಲೆ ಬಗ್ಗಿಸಿ, ಕುತ್ತಿಗೆಯ ಬುಡದಲ್ಲಿ ಉಬ್ಬಿದ ಎಲುಬಿನ ಮೇಲೆ ಬೆರಳಿಟ್ಟರೆ ಗದರಬೇಡಿ. ಸಾಮಾನ್ಯವಾಗಿ ಅದು ಏಳನೆಯದು. ಅಲ್ಲಿಂದ ಕೆಳಗೆ ಅವಳು ಎಣಿಸುತ್ತಿದ್ದಾಳೆ.