ಮಳೆಯ ಲೆಕ್ಕ

ಕಡಲಿನ ನೀರು ಬಿಸಿಲಿಗೆ ಆವಿಯಾಗಿ ಮೇಲೇರುತ್ತದೆ, ತಂಪುಗೊಂಡು ಮೋಡವಾಗುತ್ತದೆ, ಮಳೆಯಾಗಿ ನೆಲಕ್ಕಿಳಿದು, ಹಳ್ಳಹೊಳೆಗಳ ದಾರಿ ಹಿಡಿದು ಮರಳಿ ಕಡಲನ್ನು ಸೇರುತ್ತದೆ. ಈ ಜಲಚಕ್ರವನ್ನು ಅರಿಯದ ವಿದ್ಯಾರ್ಥಿಯಿಲ್ಲ. ಆದರೆ ಯಾವ ಊರಿನಲ್ಲಿ, ಯಾವ ದಿನ, ಎಷ್ಟು ಮಳೆಯಾಯಿತೆಂಬುದನ್ನು ಅಳೆದೇ ತಿಳಿಯಬೇಕು.

ಈ ಅಳತೆಯಲ್ಲಿ ಶಾಲಾಮಕ್ಕಳೂ ಪಾಲುಗೊಳ್ಳಲೆಂದು ೧೯೯೫ರಲ್ಲಿ ಅಮೆರಿಕದಲ್ಲಿ ‘ಗ್ಲೋಬ್’ ಎಂಬ ಕಾರ್ಯಕ್ರಮವು ಆರಂಭವಾಯಿತು. ಇಂದು ಭಾರತವೂ ಸೇರಿದಂತೆ ನೂರಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಮಕ್ಕಳು ಅಳೆದ ಅಂಕಿಗಳನ್ನು ವಿಜ್ಞಾನಿಗಳೂ ನೋಡಬಹುದು.

ಅವರ ಮುಖ್ಯ ಸಾಧನ ಮಳೆಮಾಪಕ. ಮರ, ಕಟ್ಟಡಗಳಿಂದ ದೂರವಾದ ಬಯಲಿನಲ್ಲಿ ಅದನ್ನು ನಿಲ್ಲಿಸುತ್ತಾರೆ. ಅಗಲವಾದ ಆಲಿಕೆಯಲ್ಲಿ ಬಿದ್ದ ನೀರು ಕಿರಿದಾದ ಕೊಳವೆಗೆ ಇಳಿಯುತ್ತದೆ. ಕೊಳವೆಯ ಬಾಯಿಯ ವಿಸ್ತೀರ್ಣವು ಆಲಿಕೆಯದರ ಹತ್ತನೆಯ ಒಂದು ಪಾಲು. ಆದ್ದರಿಂದ ೧ ಮಿಲಿಮೀಟರು ಮಳೆಯು ಕೊಳವೆಯಲ್ಲಿ ೧೦ ಮಿಲಿಮೀಟರು ಎತ್ತರಕ್ಕೆ ನಿಲ್ಲುತ್ತದೆ. ತುಂತುರು ಮಳೆಯನ್ನೂ ಓದಬಹುದು. ೧ ಮಿಲಿಮೀಟರು ಅಲ್ಪವೆಂದು ತೋರಿದರೂ, ಒಂದು ಚದರ ಮೀಟರು ನೆಲಕ್ಕೆ ಅದು ೧ ಲೀಟರು ನೀರು.

ಪ್ರತಿದಿನವೂ ಸೂರ್ಯನು ನೆತ್ತಿಗೆ ಬರುವ ಹೊತ್ತಿನಲ್ಲಿ ಮಕ್ಕಳು ಕೊಳವೆಯನ್ನು ಕಣ್ಣಿನ ಮಟ್ಟದಲ್ಲಿಟ್ಟು ಅಳತೆಯನ್ನು ಓದಿ, ನೀರನ್ನು ಚೆಲ್ಲಿ, ಪುಸ್ತಕದಲ್ಲಿ ಬರೆಯುತ್ತಾರೆ. ಮಳೆ ಬೀಳದ ದಿನವೂ ಈ ಕೆಲಸ ತಪ್ಪದು. ಆ ದಿನ ‘೦’ ಎಂದು ಬರೆಯಬೇಕು. ನೋಡಲಾಗದೆ ಹೋದ ದಿನವನ್ನು ಖಾಲಿ ಬಿಡಬೇಕೇ ಹೊರತು ಸೊನ್ನೆ ಹಾಕಬಾರದು. ಸೊನ್ನೆಯ ಅರ್ಥ ‘ನೋಡಿದೆವು, ಮಳೆಯಿರಲಿಲ್ಲ’ ಎಂದು. ಖಾಲಿ ಜಾಗದ ಅರ್ಥ ‘ನೋಡಲಿಲ್ಲ’ ಎಂದು. ಎರಡು ದಿನಗಳ ರಜೆ ಕಳೆದು ಬಂದಾಗ ನೀರಿದ್ದರೆ, ಅದು ಮೂರು ದಿನಗಳ ಒಟ್ಟು ಮಳೆಯೆಂದೇ ನಮೂದಿಸಬೇಕು.

ಇಷ್ಟು ಕಟ್ಟುನಿಟ್ಟು ಏಕೆ? ಮಳೆಯನ್ನು ಆಕಾಶದಿಂದಲೂ ಅಳೆಯುತ್ತಾರೆ. ೨೦೧೪ರ ಫೆಬ್ರವರಿಯಲ್ಲಿ ಅಮೆರಿಕದ ನಾಸಾ ಮತ್ತು ಜಪಾನಿನ ಜಾಕ್ಸಾ ಸಂಸ್ಥೆಗಳು ಇದಕ್ಕಾಗಿಯೇ ಒಂದು ಉಪಗ್ರಹವನ್ನು ಹಾರಿಸಿದವು. ಕಡಲು, ಕಾಡುಗಳ ಮೇಲಿನ ಮಳೆಯನ್ನೂ ಅದರ ರಾಡಾರ್ ಕಾಣಬಲ್ಲದು. ಆದರೆ ಮೋಡದಿಂದ ಹೊರಟ ಹನಿಗಳೆಲ್ಲವೂ ನೆಲವನ್ನು ಮುಟ್ಟುವುದಿಲ್ಲ. ಒಣಗಾಳಿಯಲ್ಲಿ ನಡುದಾರಿಯಲ್ಲೇ ಆವಿಯಾಗುವುದುಂಟು. ಆದುದರಿಂದ ಉಪಗ್ರಹದ ಲೆಕ್ಕವನ್ನು ನೆಲದ ಅಳತೆಯೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ. ಅಂತಹ ದಿನ ನೆಲದಲ್ಲಿ ಬರೆದ ಒಂದು ಸೊನ್ನೆಯೇ ಸಾಕ್ಷಿ.

ಅಂದಾಜಿನಿಂದ ಬರೆದ ಅಂಕಿಯು ನಿಜವಾದ ಅಂಕಿಯಂತೆಯೇ ಕಾಣುತ್ತದೆ. ಒಮ್ಮೆ ಲೆಕ್ಕದಲ್ಲಿ ಸೇರಿದರೆ ಅದನ್ನು ಗುರುತಿಸುವುದು ಕಷ್ಟ, ತಿದ್ದುವುದಂತೂ ಅಸಾಧ್ಯ. ನಿನ್ನೆಯ ಮಳೆಯನ್ನು ಇಂದು ಯಾರೂ ಅಳೆಯಲಾರರು.